ಹೂವವ್ವನ ಪಟ ತೆಗೆದವರಿಗೆ

ಗಾಳಿಕೊಪ್ಪ, ಕಪ್ಪತಗುಡ್ಡದ ಬುಡ
ಎರವಿನ ದಿನ: ಮಹಾಲಯ ಅಮಾವಾಸ್ಯೆ ಕಳೆದ ಮೇಲೆ, ಪಾಡ್ಯ ಬರುವ ಮೊದಲು

ಪೂಜ್ಯರೇ,

ಮೇಲಿನ ತಾರೀಖನ್ನು ನಿಮ್ಮ ಪಂಚಾಂಗದಲ್ಲಿ ಹುಡುಕಬೇಡಿ, ಸಿಗುವುದಿಲ್ಲ. ನಿಮ್ಮ ಕಾಲದಲ್ಲಿ ಅಮಾವಾಸ್ಯೆಯ ಮರುದಿನವೇ ಪಾಡ್ಯ, ಪಾಡ್ಯಕ್ಕೆ ನವರಾತ್ರಿ. ಅವೆರಡರ ನಡುವೆ ಒಂದು ದಿನ ತೂರಿಸುವಷ್ಟು ಜಾಗ ನಿಮಗೆ ಕಂಡಿರಲಿಲ್ಲ. ನಮ್ಮ ಮುತ್ತಜ್ಜಂದಿರು ಸ್ವಲ್ಪ ಸರಿದು ಕೂತು ಜಾಗ ಮಾಡಿದರು. ಈ ದಿನ ಭಾದ್ರಪದಕ್ಕೂ ಸೇರದು, ಆಶ್ವಯುಜಕ್ಕೂ ಸೇರದು. ಯಾಕೆ ಎಂದು ಮುಂದೆ ಹೇಳುತ್ತೇನೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದರೆ ಮನ್ನಿಸಬೇಕು. ನಿಮ್ಮ ಕಾಲದ ಬರವಣಿಗೆಯನ್ನು ಓದಿ ಓದಿ ಅದೇ ಧಾಟಿಯಲ್ಲಿ ಬರೆಯಲು ಕಲಿತಿದ್ದೇನೆ, ಆದರೂ ಇನ್ನೊಬ್ಬರ ಅಂಗಿ ತೊಟ್ಟು ಮದುವೆಗೆ ಹೋದ ಹಾಗೆ ತೋಳು ಉದ್ದ, ಕುತ್ತಿಗೆ ಬಿಗಿ ಅನ್ನಿಸುತ್ತಿದೆ.

'ಪೂಜ್ಯರೇ' ಎಂದು ಶುರು ಮಾಡಿದ್ದಕ್ಕೂ ಕಾರಣವಿದೆ. ನಿಮ್ಮ ಹೆಸರು ನನಗೆ ಗೊತ್ತಿಲ್ಲ, ನೀವು ಗಂಡಸೋ ಹೆಂಗಸೋ ಅದೂ ಗೊತ್ತಿಲ್ಲ. ನಿಮ್ಮದೆಂದು ನಮ್ಮ ಹತ್ತಿರ ಇರುವುದು ಒಂದು ನೆರಳು ಮಾತ್ರ. ನೀವು ತೆಗೆದ ಪಟದ ಕೆಳ ಅಂಚಿನಲ್ಲಿ, ನೆಲದ ಮೇಲೆ, ಒಂದು ತಲೆ ಮತ್ತು ಎತ್ತಿದ ಎರಡು ಮೊಳಕೈ ಬಿದ್ದಿವೆ. ನಾನೂ ನಿಮ್ಮ ಕಸುಬಿನವಳೇ, ಈ ಊರಿನ ಪಟಗಾರ್ತಿ, ಹೆಸರು ನೀಲಗಂಗಾ. ನಮ್ಮಲ್ಲಿ ಕಲಿಯುವವರಿಗೆ ಹೇಳುವ ಮೊದಲ ಮಾತೇ ನಿನ್ನ ನೆರಳನ್ನು ಹೊರಗಿಡು ಎಂಬುದು. ನೀವು ಅದನ್ನು ಮರೆತಿರೋ, ಅವಸರದಲ್ಲಿದ್ದಿರೋ, ಅಂತೂ ಆ ತಪ್ಪಿನಿಂದಾಗಿ ಇಷ್ಟು ತಲೆಮಾರುಗಳಿಂದ ನಮ್ಮ ಮನೆಯಲ್ಲಿ ಹಬ್ಬದ ದಿನ ನಿಮಗೂ ಒಂದು ಹೋಳಿಗೆ ಸಿಕ್ಕುತ್ತಿದೆ.

ನಿಮ್ಮ ಕಾಲದ ಪಟಗಳೆಲ್ಲ ಏನಾದವು ಎಂಬ ಕುತೂಹಲ ನಿಮಗೆ ಇದ್ದೇ ಇರುತ್ತದೆ. ಸುಟ್ಟಿರಬೇಕು, ಯಂತ್ರಗಳ ಹೊಟ್ಟೆಯಲ್ಲೇ ಕರಗಿರಬೇಕು ಎಂದು ನೀವು ಅಂದುಕೊಂಡಿದ್ದರೆ ಅದು ತಪ್ಪು. ಒಂದೂ ಹಾಳಾಗಲಿಲ್ಲ. ನೀವು ತೆಗೆದದ್ದೆಲ್ಲ ಬಂದು ನಮ್ಮ ತಲೆಯ ಮೇಲೆ ಸುರಿಯಿತು. ಊಟದ ತಟ್ಟೆಗಳು, ಬೆಕ್ಕುಗಳು, ಮೋಡಗಳು, ಮದುವೆಗಳು, ಸ್ವಂತ ಮುಖಗಳು, ಮತ್ತೆ ಸ್ವಂತ ಮುಖಗಳು. ಪಟಗಳು ಉಳಿದವು, ಹೆಸರುಗಳು ಉಳಿಯಲಿಲ್ಲ. ತಟ್ಟೆ, ಬೆಕ್ಕು, ಮೋಡಗಳನ್ನು ಬಿಡಬಹುದಿತ್ತು, ಬಿಟ್ಟರು. ಆದರೆ ಮನುಷ್ಯರನ್ನು ಹೇಗೆ ಬಿಡುವುದು? ನೋಡುವುದಕ್ಕೆ ಕೋಟಿಗಟ್ಟಲೆ ಮುಖಗಳಿದ್ದವು, ಹಾಗಾಗಿ ಯಾರೂ ಯಾರನ್ನೂ ನೋಡುತ್ತಿರಲಿಲ್ಲ. ಕೊನೆಗೆ ನಾಡಿನ ಹಿರಿಯರು ಕೂತು 'ಹಂಚಿಕೆ' ಎಂಬುದನ್ನು ಗೊತ್ತುಮಾಡಿದರು. ಮನೆಗೆ ಒಬ್ಬರು. ದಿಕ್ಕಿಲ್ಲದ ಒಂದು ಪಟವನ್ನು ಮನೆಗೆ ತರಬೇಕು, ಅದರಲ್ಲಿರುವವರನ್ನು ನಮ್ಮವರೆಂದು ಭಾವಿಸಿ ನೋಡಿಕೊಳ್ಳಬೇಕು. ಇವರನ್ನು ನಾವು ಎರವಿನ ಹಿರಿಯರು ಎನ್ನುತ್ತೇವೆ.

ನೋಡಿಕೊಳ್ಳುವುದೆಂದರೆ ಗೋಡೆಗೆ ತೂಗುಹಾಕಿ ಧೂಳು ಒರೆಸುವುದಲ್ಲ. ಮೊದಲ ವರ್ಷ ಅವರಿಗೆ ಹೆಸರಿಡುವಂತಿಲ್ಲ, 'ಬಂದವರು' ಎಂದಷ್ಟೇ ಕರೆಯಬೇಕು. ಅಷ್ಟರಲ್ಲಿ ಅವರ ಸ್ವಭಾವ ಮನೆಯವರಿಗೆ ತಿಳಿಯುತ್ತದೆ. ವರ್ಷ ತುಂಬಿದ ಮೇಲೆ ಪಟವನ್ನು ತೊಟ್ಟಿಲಲ್ಲಿಟ್ಟು, ತೂಗಿ, ಕಿವಿಯ ಹತ್ತಿರ ಹೆಸರು ಹೇಳುತ್ತೇವೆ. ಮೀಸೆಯ ಗಂಡಸರನ್ನೂ ಹೀಗೆಯೇ ತೊಟ್ಟಿಲಿಗೆ ಹಾಕುವುದುಂಟು, ನೀವು ನಗಬಹುದು, ನಾವೂ ನಗುತ್ತೇವೆ. ಮದುವೆಯ ಮೊದಲ ಕರೆಯ ಅಕ್ಷತೆ ಅವರಿಗೆ. ಹೊಸ ಜೋಳದ ಮೊದಲ ರೊಟ್ಟಿಯೂ ಅವರಿಗೆ. ಪ್ರತಿ ಮನೆಯೂ ತನ್ನ ಹಿರಿಯರಿಗೆ ಒಂದು ಪದ ಕಟ್ಟಿ ಹಾಡಬೇಕು. ನಮ್ಮಲ್ಲಿ ಎಲ್ಲವನ್ನೂ ಬಲ್ಲ ಯಂತ್ರಗಳು ಇಲ್ಲವೆಂದಲ್ಲ. ಆದರೆ ಮನೆಯ ಹಿರಿಯರ ಬಗ್ಗೆ ಯಂತ್ರವನ್ನು ಕೇಳುವುದು ಊಟಕ್ಕೆ ಬಂದ ಬೀಗರ ಜೇಬು ತಡಕಿದ ಹಾಗೆ, ಮರ್ಯಾದಸ್ಥರು ಮಾಡುವುದಿಲ್ಲ. ಇನ್ನು ಈ ದಿನದ ಮಾತು. ಪಕ್ಷಮಾಸದಲ್ಲಿ ಹಿರಿಯರಿಗೆ ಎಡೆ ಇಡಬಹುದು, ಆದರೆ ಶುಭಕಾರ್ಯ ಮಾಡುವಂತಿಲ್ಲ ಎಂಬುದು ನಿಮ್ಮ ಕಾಲದ ಕಟ್ಟು. ಎರವಿನ ಹಿರಿಯರಿಗೆ ಎಡೆಯೂ ಬೇಕು, ತೊಟ್ಟಿಲೂ ಬೇಕು, ಹಾಡೂ ಬೇಕು. ಅದಕ್ಕೇ ಯಾವ ತಿಂಗಳಿಗೂ ಸೇರದ ಒಂದು ದಿನವನ್ನು ಹುಟ್ಟಿಸಿಕೊಂಡೆವು.

ನಮ್ಮ ಮನೆಗೆ ಬಂದದ್ದು ನೀವು ತೆಗೆದ ಪಟ. ನಿಮಗೆ ನೆನಪಿದೆಯೋ ಇಲ್ಲವೋ, ನಾನು ಹೇಳುತ್ತೇನೆ. ಮೂವತ್ತರ ಆಸುಪಾಸಿನ ಹೆಂಗಸು. ಇಳಕಲ್ ಸೀರೆ, ಸೆರಗನ್ನು ಸೊಂಟಕ್ಕೆ ಬಿಗಿದಿದ್ದಾಳೆ. ಎಡಗೈ ಬಾಯಿಯ ಮೇಲಿದೆ, ಕಣ್ಣು ಬಿಗಿಯಾಗಿ ಮುಚ್ಚಿವೆ, ಹೆಗಲು ಮೇಲೆದ್ದಿವೆ. ಅವಳ ಹಿಂದೆ ಗುಡ್ಡದಂಥ ಒಂದು ರಾಶಿ, ಆಳೆತ್ತರವನ್ನೂ ಮೀರಿದ್ದು. ಬಣ್ಣ ತೆಗೆಯುವ ಕ್ಯಾಮೆರಾ ಕೈಯಲ್ಲಿದ್ದೂ ನೀವು ಇದನ್ನು ಕಪ್ಪು ಬಿಳುಪಿನಲ್ಲಿ ತೆಗೆದಿರಿ. ಹಾಗಾಗಿ ರಾಶಿ ಏನೆಂದು ಹೇಳುವ ಹಾಗಿರಲಿಲ್ಲ. ನಮ್ಮ ಮನೆಯ ಹಳಬರು ನೋಡಿದರು, ಹೆಂಗಸು ನಗುತ್ತಿದ್ದಾಳೆ, ಬಾಯಿ ಮುಚ್ಚಿಕೊಂಡು ಮೈಯೆಲ್ಲ ನಗುತ್ತಿದ್ದಾಳೆ. ಇಷ್ಟು ನಗುವವಳ ಹಿಂದೆ ಇರುವ ರಾಶಿ ಹೂವಲ್ಲದೆ ಇನ್ನೇನು? ತೊಟ್ಟಿಲಿಗೆ ಹಾಕಿ ಹೂವವ್ವ ಎಂದು ಹೆಸರಿಟ್ಟರು.

ಅವಳ ಪದ ಕಟ್ಟಿದವಳು ನನ್ನ ಅಜ್ಜಿ ತುಂಗವ್ವ. ನಾವು ಆಯಿ ಎನ್ನುತ್ತೇವೆ. ಈಗ ತೊಂಬತ್ತರ ಮೇಲಾಗಿದೆ, ನಾಲಗೆ ಮಾತ್ರ ಇನ್ನೂ ಇಪ್ಪತ್ತರದ್ದು. ಆಯಿಯ ತಾಯಿ ಹೆರಿಗೆಯಲ್ಲೇ ತೀರಿಕೊಂಡಳಂತೆ. ಎಳೆಯ ತುಂಗವ್ವ ಅತ್ತಾಗಲೆಲ್ಲ ಎತ್ತಿ ಹೂವವ್ವನ ಮುಂದೆ ನಿಲ್ಲಿಸಿ, ಅಕಾ ನೋಡು ಹೆಂಗ ನಗತಾಳ, ಎಂದು ಸುಮ್ಮನಾಗಿಸುತ್ತಿದ್ದರು. ಹೆತ್ತವ್ವನ ಮುಖ ನೋಡದ ಆಯಿಗೆ ಹೂವವ್ವನೇ ಅವ್ವ. ಮುಂದೆ ಅವಳು ಕಟ್ಟಿದ ಪದ ಗಾಳಿಕೊಪ್ಪವನ್ನು ದಾಟಿ ಹೋಯಿತು. ಕುಸುಬಿ ಕೀಳುವವರು, ಗಾಳಿಗಿರಣಿ ತಿರುಗಿಸುವವರು, ಮಗ್ಗದವರು ಎಲ್ಲರೂ ಹಾಡುತ್ತಾರೆ.

ಹೂವಿನ ಗುಡ್ಡಕ ಬೆನ್ನ ಕೊಟ್ಟಾಕಿ ಯಾರವ್ವ
ಬಾಯಿಗೆ ಕೈ ಯಾಕ, ಹಲ್ಲೇನ ಮುತ್ತೇನ,
ಕದ್ದಾರು ಅಂತ ಮುಚ್ಚೀದಿ

ನಮ್ಮ ಕಾದಂಬರಿಕಾರರ ಪಾಡನ್ನೂ ಹೇಳಬೇಕು. ಮನೆಮನೆಯಲ್ಲೂ ಒಂದು ಕಥೆ ಗೋಡೆಯ ಮೇಲೆ ಕೂತಿರುವಾಗ ಅವರದನ್ನು ಯಾರು ಓದಬೇಕು? ಅದಕ್ಕೆ ಅವರು ಊರೂರು ತಿರುಗಿ, ಒಂದು ಮನೆಯ ಹಿರಿಯರಿಗೂ ಇನ್ನೊಂದು ಮನೆಯ ಹಿರಿಯರಿಗೂ ಗಂಟು ಹಾಕಿ ಬರೆಯುತ್ತಾರೆ. ಒಬ್ಬ ಮಹಾರಾಯ ನಮ್ಮ ಹೂವವ್ವನಿಗೂ ಮುಂಡರಗಿ ಕಡೆಯ ಯಾವುದೋ ಮನೆಯಲ್ಲಿ ಸೈಕಲ್ಲಿಗೆ ಒರಗಿ ನಿಂತಿರುವ ಗಂಡಸಿಗೂ ಪ್ರೇಮ ಹಚ್ಚಿ ದಪ್ಪ ಪುಸ್ತಕ ಬರೆದ. ಪುಸ್ತಕ ಕೊಡಲು ಬಂದಾಗ ಆಯಿ ಅವನನ್ನು ಬಾಗಿಲ ಹೊರಗೇ ನಿಲ್ಲಿಸಿ ಬಾಯಿಗೆ ಬಂದಂತೆ ಬೈದಳು. ಪುಸ್ತಕವನ್ನು ಮಾತ್ರ ಎರಡು ಸಲ ನನ್ನಿಂದ ಓದಿಸಿಕೊಂಡಳು, ಸೈಕಲ್ಲಿನವನು ಸಾಯುವ ಕಡೆ ಅತ್ತಳು.

ನನ್ನ ಕಸುಬಿನ ಬಗ್ಗೆಯೂ ಎರಡು ಮಾತು. ನಿಮ್ಮಿಂದ ಬಂದ ಹೊರೆ ನೋಡಿದ ಮೇಲೆ ನಮ್ಮವರು ಒಂದು ಶಪಥ ಮಾಡಿದರು, ಮುಂದಿನವರ ತಲೆಗೆ ನಾವು ಹೀಗೆ ಕಟ್ಟಬಾರದು ಎಂದು. ಆದ್ದರಿಂದ ಊರಿಗೆ ವರ್ಷಕ್ಕೆ ಒಂದೇ ಪಟ, ಎರವಿನ ದಿನ ಬೆಳಿಗ್ಗೆ, ದೊಡ್ಡ ಬೇವಿನ ಮರದ ಕೆಳಗೆ. ಅದಕ್ಕೆ ಊರಪಟ ಎಂದು ಹೆಸರು. ತೆಗೆಯುವುದು ಒಂದೇ ಒಂದು ಸಲ. ಕೆಟ್ಟರೆ ಆ ವರ್ಷ ಕೆಟ್ಟಂತೆ. ಹೀಗಾಗಿ ಎಲ್ಲರೂ ಉಸಿರು ಹಿಡಿದು, ಕೊರಡಿನ ಹಾಗೆ ನಿಲ್ಲುತ್ತಾರೆ. ನಿಜ ಹೇಳಬೇಕೆಂದರೆ ನಮ್ಮ ಊರಪಟಗಳು ಭಾರೀ ಬೇಸರ. ಎಲ್ಲರ ಹೆಸರೂ ಕೆಳಗೆ ಸರಿಯಾಗಿ ಇರುತ್ತದೆ, ಮನುಷ್ಯರು ಮಾತ್ರ ಇರುವುದಿಲ್ಲ. ನಾನು ಈ ಕೆಲಸಕ್ಕೆ ಸೇರಿದಾಗಿನಿಂದ ದಿನವೂ ನಿಮ್ಮ ಪಟ ನೋಡಿ ಹೊಟ್ಟೆ ಉರಿಸಿಕೊಂಡಿದ್ದೇನೆ. ಒಂದು ಹೆಂಗಸು, ಒಂದು ರಾಶಿ, ಒಂದು ಅಡ್ಡ ನೆರಳು, ಅಷ್ಟರಲ್ಲೇ ಒಂದು ಮನೆತನ ತಲೆಮಾರುಗಟ್ಟಲೆ ಬದುಕುವಷ್ಟು ಜೀವ ತುಂಬಿದ್ದೀರಿ. ಇಂಥದ್ದು ಒಂದಾದರೂ ನನ್ನ ಕೈಯಿಂದ ಆದೀತೇ ಎಂದು ನಾನು ಎಷ್ಟು ಸಲ ಹಲುಬಿಲ್ಲ!

ಇನ್ನು ಈ ವರ್ಷದ ಸಂಗತಿ. ಪಕ್ಷದ ದಿನಗಳಲ್ಲಿ ಪರಊರಿಗೆ ಹೋಗಿ ಬೇರೆಯವರ ಮನೆಯ ಹಿರಿಯರನ್ನು ನೋಡಿ ಬರುವುದು ನಮ್ಮ ಕಾಲದ ದೊಡ್ಡ ಸಂಭ್ರಮ. ಎಲ್ಲ ಮನೆಗಳ ಬಾಗಿಲೂ ತೆರೆದಿರುತ್ತದೆ. ನಿಮ್ಮಲ್ಲಿ ಪಟ ನೋಡಲು ಬೇರೆಯೇ ಕಟ್ಟಡಗಳಿದ್ದವಂತೆ, ಒಳಗೆ ಗಟ್ಟಿಯಾಗಿ ಮಾತಾಡಬಾರದಂತೆ. ನಮ್ಮಲ್ಲಿ ಬಂದವರು ಮಾತಾಡದಿದ್ದರೆ ಮನೆಯವರಿಗೆ ಬೇಜಾರು. ಹಾಗೆ ಹದಿನೈದು ದಿನದ ಹಿಂದೆ ಬ್ಯಾಡಗಿ ಕಡೆಯಿಂದ ಒಂದು ಗುಂಪು ಬಂತು. ಅದರಲ್ಲಿ ಈರಬಸಪ್ಪ ಎಂಬ ಐವತ್ತು ದಾಟಿದ ಗೃಹಸ್ಥ. ಗಂಟಲವರೆಗೂ ಗುಂಡಿ ಹಾಕಿದ ಅಂಗಿ, ಗಂಟುಮೋರೆ, ನಕ್ಕರೆ ತೆರಿಗೆ ಬೀಳುತ್ತದೇನೋ ಎಂಬಂಥ ಮನುಷ್ಯ. ಹೂವವ್ವನ ಮುಂದೆ ಬಂದವನು ಹಾಗೇ ನಿಂತುಬಿಟ್ಟ. ಆಮೇಲೆ ಯಾರಿಗೂ ಏನೂ ಹೇಳದೆ ಹೊರಟುಹೋದ. ಮರುವಾರ ತಿರುಗಿ ಬಂದಾಗ ಬಗಲಲ್ಲಿ ಬಟ್ಟೆ ಸುತ್ತಿದ ಒಂದು ಪಟವಿತ್ತು.

ಅದೂ ನಿಮ್ಮದೇ ಪಟ, ಪೂಜ್ಯರೇ. ಅದೇ ಹೆಂಗಸು, ಅದೇ ಸೀರೆ, ಮೂಗಿನಲ್ಲಿ ಅದೇ ಮೂಗುತಿ, ಅಂಚಿನಲ್ಲಿ ಅದೇ ನಿಮ್ಮ ಮೊಳಕೈ. ಆದರೆ ಇದು ಬಣ್ಣದ್ದು. ಇದರಲ್ಲಿ ಅವಳು ಕೈ ಕೆಳಗೆ ಬಿಟ್ಟು ನೆಟ್ಟಗೆ ನಿಂತು ನೇರ ನೋಡುತ್ತಿದ್ದಾಳೆ, ಮುಖದಲ್ಲಿ ನಗುವಿನ ಸುಳಿವಿಲ್ಲ. ಅವಳ ಹಿಂದಿನ ಗುಡ್ಡ ಕೆಂಪಗೆ ಉರಿಯುತ್ತಿದೆ. ಒಣಮೆಣಸಿನಕಾಯಿ! ಅವರ ಮನೆತನದಲ್ಲಿ ಹೆಸರು ಕೈಬಿಟ್ಟಿರಲಿಲ್ಲ. ಆಕೆ ಫಕೀರವ್ವ, ಮೆಣಸಿನಕಾಯಿ ಪೇಟೆಯಲ್ಲಿ ಸ್ವಂತ ಅಂಗಡಿ ಹಾಕಿ, ಗಂಡಸರ ನಡುವೆ ಕೂತು ವ್ಯಾಪಾರ ಮಾಡಿದವಳು, ಈರಬಸಪ್ಪನ ರಕ್ತದ ಹಿರಿಯಳು. ಅವರ ಮನೆಯಲ್ಲಿ ಮಕ್ಕಳು ಗಲಾಟೆ ಮಾಡಿದರೆ, ಫಕೀರವ್ವ ನೋಡಾಕತ್ತಾಳ, ಎಂದರೆ ಸಾಕಂತೆ, ತೆಪ್ಪಗಾಗುತ್ತವಂತೆ.

ಹಂಚಿಕೆಯ ನಿಯಮ ಎಲ್ಲರಿಗೂ ಗೊತ್ತು. ನಿಜವಾದ ಬಳಗ ಬಂದು ಗುರುತು ತೋರಿಸಿದರೆ ಎರವು ಮರಳಿಸಬೇಕು. ಪ್ರತಿ ತೆಗೆದು ಇಟ್ಟುಕೊಳ್ಳುವಂತಿಲ್ಲ, ಅದು ಒಬ್ಬರನ್ನು ಇಬ್ಬರಾಗಿ ಸೀಳಿದಂತೆ. ಹೂವವ್ವ ಹೋಗುತ್ತಾಳೆ, ಅದು ಒಂದು. ಅದಕ್ಕಿಂತ ಹೆಚ್ಚಾಗಿ ನನಗೆ ಆಯಿಯ ಚಿಂತೆ. ತಾಯಿಯೆಂದು ನಂಬಿದ ಮುಖ ಕೈಬಿಟ್ಟು ಹೋಗುವುದಲ್ಲದೆ, ಜೀವಮಾನವಿಡೀ ಹಾಡಿದ ಪದವೂ ಸುಳ್ಳೆಂದಾದರೆ ಈ ವಯಸ್ಸಿನಲ್ಲಿ ಆಕೆ ತಡೆದುಕೊಂಡಾಳೇ? ಅಷ್ಟರಲ್ಲಿ ಈರಬಸಪ್ಪ ಗಂಟಲು ಸರಿಮಾಡಿಕೊಂಡು ಇನ್ನೊಂದು ಬರೆ ಎಳೆದ.

"ನೋಡ್ರೀ ಅಮ್ಮಾರ, ನಮ್ಮ ಮನ್ಯಾಗ ಯಾರೂ ಹಿಂಗ ಪ್ಯಾಟ್ಯಾಗ ನಿಂತು ನಕ್ಕವರಲ್ಲ. ಫಕೀರವ್ವ ಅಂತೂ ನಕ್ಕದ್ದ ಇಲ್ಲ. ಆಕಿ ಸೀನಾಕತ್ತಾಳ್ರೀ. ಮೆಣಸಿನಕಾಯಿ ಘಾಟಿಗೆ."

ಆಯಿ ಬಣ್ಣದ ಪಟವನ್ನು ಕಣ್ಣಿಗೆ ಅಂಟಿಸಿಕೊಂಡು ನೋಡಿದಳು. ನಾನು ಆಕೆಯ ಬೆನ್ನ ಹಿಂದೆ ನಿಂತೆ, ಬಿದ್ದರೆ ಹಿಡಿಯಲು. ಬೀಳಲಿಲ್ಲ. "ಏನವಾ ಇದು, ಇಷ್ಟೊಂದ ಮೆಣಸಿನಕಾಯಿ ಒಂದ ಕಡೆ!" ಎಂದು ಬೆರಗಾದಳು. ಅದೂ ಸಹಜವೇ. ನಮ್ಮ ಕಾಲದಲ್ಲಿ ಅವರವರ ಹಿತ್ತಲಲ್ಲಿ ಅವರವರ ಮೆಣಸಿನಗಿಡ, ಗುಡ್ಡದಷ್ಟು ಯಾರೂ ಕಂಡವರಿಲ್ಲ. ನಾವು ಹೂವೆಂದು ತಿಳಿದದ್ದೂ ಅದಕ್ಕೇ. ಆಮೇಲೆ ಆಯಿ ನಿಧಾನವಾಗಿ, "ಹೂವಿಗಿಂತ ಇದ ಚಲೋ ಐತಿ ಬಿಡು. ಹೂವಾಗಿದ್ದರ ಸಂಜಿಗೆ ಬಾಡತಿದ್ದವು," ಎಂದಳು. ನಾನು ಆಕೆಯ ಬೆನ್ನ ಹಿಂದಿನಿಂದ ಈಚೆ ಬಂದೆ.

ಆದರೆ ಸೀನಿನ ವಿಷಯದಲ್ಲಿ ಆಕೆ ಒಂದಿಷ್ಟೂ ಬಗ್ಗಲಿಲ್ಲ. "ನಿನ್ನ ಮೆಣಸಿನಕಾಯಿ ಒಪ್ಪಿದೆ ತಮ್ಮಾ. ಆದರ ಕಣ್ಣಿನ ತುದಿಗೆ ಗೆರಿ ನೋಡು. ಸೀನೂ ಮಂದಿಗೆ ಅಲ್ಲಿ ಗೆರಿ ಬೀಳತಾವೇನು? ಆಕಿ ನಗಾಕತ್ತಾಳ." ಈರಬಸಪ್ಪ, ಹೆಗಲು ನೋಡಿರಿ, ಎಂದ. ಆಯಿ, ನೀನು ಬೆರಳು ನೋಡು, ಎಂದಳು. ಇಬ್ಬರೂ ಮೂಗು ಮುಟ್ಟುವಷ್ಟು ಬಗ್ಗಿ ನಿಮ್ಮ ಪಟವನ್ನು ಇಂಚಿಂಚೂ ಜಾಲಾಡಿದರು. ಅವನಿಗೆ ಅದು ಮನೆತನದ ಮಾನದ ಪ್ರಶ್ನೆ, ಇವಳಿಗೆ ತನ್ನ ತೊಟ್ಟಿಲ ಕಾಲದ ನಗು. ಕಲೆಯ ವಿಮರ್ಶೆ ಎಂದರೆ ಏನೆಂದು ನಾನು ಅವತ್ತು ಕಂಡೆ. ಮೂರು ಸಲ ಚಹಾ ಆಯಿತು, ಗುರೆಳ್ಳು ಚಟ್ನಿ ಹಚ್ಚಿದ ರೊಟ್ಟಿಯೂ ಆಯಿತು, ವಾದ ಮುಗಿಯಲಿಲ್ಲ. ನಿಮ್ಮ ಮೇಲೆ ನನಗೆ ಸಿಟ್ಟೂ ಬಂತು, ಪ್ರೀತಿಯೂ ಬಂತು. ಬಣ್ಣ ಬಿಟ್ಟು ತೆಗೆದಿರಿ, ಬಾಯಿಗೆ ಕೈ ಅಡ್ಡ ಇರುವಾಗಲೇ ತೆಗೆದಿರಿ. ನೀವು ಬಿಟ್ಟ ಜಾಗದಲ್ಲೇ ಅಲ್ಲವೇ ನಮ್ಮ ಮನೆಯವರೆಲ್ಲ ಇಷ್ಟು ವರ್ಷ ಸಂಸಾರ ಮಾಡಿದ್ದು?

ಈರಬಸಪ್ಪ ಹೊರಟ ಮೇಲೆ ಆಯಿ ಅತ್ತಳು. ಅದನ್ನು ಮುಚ್ಚಿಡುವುದಿಲ್ಲ. ಪಟವನ್ನು ತೊಡೆಯ ಮೇಲಿಟ್ಟುಕೊಂಡು, ಸೆರಗಿನಿಂದ ಅದರ ಗಾಜು ಒರೆಸುತ್ತ, ಸದ್ದಿಲ್ಲದೆ ಅತ್ತಳು. ನನಗೂ ತಡೆಯಲಾಗಲಿಲ್ಲ. ಪಟಗಾರ್ತಿಯ ಕೈಗೆ ಗುಟ್ಟಾಗಿ ಒಂದು ಪ್ರತಿ ತೆಗೆಯುವುದು ಎಷ್ಟರ ಕೆಲಸ? ಬಾಯಿ ಬಿಟ್ಟು ಹೇಳಿರಲಿಲ್ಲ, ಆಯಿ ನನ್ನ ಮುಖ ನೋಡಿಯೇ ಗದರಿದಳು. "ಬ್ಯಾಡ. ಒಬ್ಬ ಮಗಳನ್ನ ಎರಡು ಮನಿಗೆ ಕೊಟ್ಟವರುಂಟೇನು? ಕಳಸೂದಾದರ ಛಂದಂಗೆ ಕಳಸೋಣು." ಹಿರಿಯಳಾಗಿ ಬಂದವಳನ್ನು ಮಗಳೆಂದು ಕಳಿಸುವುದೇ ನಮ್ಮ ಪದ್ಧತಿ.

ಆ ಕಳಿಸಿಕೊಡುವ ದಿನ ಇವತ್ತು. ಬೆಳಿಗ್ಗೆ ಅಂಗಳ ಸಾರಿಸಿ ರಂಗೋಲಿ ಹಾಕಿದೆವು. ಹೂವವ್ವನನ್ನು ಮಣೆಯ ಮೇಲೆ ಕೂರಿಸಿ, ಹೊಸ ಕುಪ್ಪಸದ ಕಣ ಹೊದಿಸಿ, ಓಣಿಯ ಹೆಂಗಸರೆಲ್ಲ ಸಾಲುಗಟ್ಟಿ ಉಡಿ ತುಂಬಿದರು. ಅಕ್ಕಿ, ಕೊಬ್ಬರಿ, ಬೆಲ್ಲ, ಅರಿಸಿನ ಕೊಂಬು, ಅದರ ಜೊತೆಗೆ ಬುತ್ತಿಗೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಎಣ್ಣೆಗಾಯಿ. ಪಟದವಳು ಇದನ್ನೆಲ್ಲ ಹೇಗೆ ತಿನ್ನುತ್ತಾಳೆ ಎಂದು ಕೇಳಬೇಡಿ, ಜೊತೆಗೆ ಹೋಗುವವರಿಗೂ ಹೊಟ್ಟೆ ಇರುತ್ತದೆ. ಈರಬಸಪ್ಪ ತನ್ನ ಬಳಗದೊಂದಿಗೆ ಬಂದಿದ್ದ. ಇಷ್ಟು ಕಾಲ ಸಾಕಿದ ಮನೆಗೆ ಬರಿಗೈಲಿ ಬರಬಾರದೆಂದು ತನ್ನ ಹಿತ್ತಲಿನ ಒಣಮೆಣಸಿನಕಾಯಿ ಒಂದು ಚೀಲ ತುಂಬ ಹೊತ್ತು ತಂದಿದ್ದ. ಆಯಿಯ ಕಾಲಿಗೆ ನಮಸ್ಕಾರ ಮಾಡಿ, ಊರಪಟಕ್ಕಾಗಿ ಎಲ್ಲರೂ ಸೇರಿದ್ದ ಬೇವಿನ ಮರದ ಕೆಳಗೆ ಚೀಲದ ಬಾಯಿ ಬಿಚ್ಚಿದ. ಇಡೀ ಊರಿಗೆ ಹಂಚಬೇಕೆಂಬುದು ಅವನ ಮನಸ್ಸು.

ನಮ್ಮ ಊರಿಗೆ ಗಾಳಿಕೊಪ್ಪ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ, ಅದನ್ನು ಪರಊರಿನ ಅವನು ಯೋಚಿಸಿರಲಿಲ್ಲ. ನಾನು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ನಡುವೆ ಕುರ್ಚಿಯಲ್ಲಿ ಆಯಿಯನ್ನು ಕೂರಿಸಿ, ಅವಳ ತೊಡೆಯ ಮೇಲೆ ಹೂವವ್ವನನ್ನು ಇಟ್ಟು, ಅಲುಗಾಡಬೇಡಿ ಎಂದು ಕೂಗಿ ಕ್ಯಾಮೆರಾದ ಗುಂಡಿಯ ಮೇಲೆ ಬೆರಳಿಟ್ಟಿದ್ದೆ. ಅದೇ ಹೊತ್ತಿಗೆ ಈರಬಸಪ್ಪ ಪಕ್ಕದಲ್ಲಿ ಚೀಲವನ್ನು ಚಾಪೆಯ ಮೇಲೆ ಸುರಿದ. ಗುಡ್ಡದ ಕಡೆಯಿಂದ ಗಾಳಿ ಬೀಸಿತು. ಮೊದಲು ಸೀನಿದವನು ಊರಗೌಡ, ಆಮೇಲೆ ಅವನ ಹೆಂಡತಿ, ಆಮೇಲೆ ಸಾಲಿಗೆ ಸಾಲೇ. ಸೀನಿದವರನ್ನು ನೋಡಿ ಉಳಿದವರು ನಕ್ಕರು, ನಕ್ಕು ಬಾಯಿ ತೆರೆದಾಗ ಘಾಟು ಒಳಗೆ ಹೋಗಿ ಅವರೂ ಸೀನಿದರು. ಈರಬಸಪ್ಪ ಇದೇನಾಯಿತೆಂದು ಕೈ ಜೋಡಿಸಲು ಹೋಗಿ ತಾನೂ ಸೀನಿದ, ಇನ್ನೊಮ್ಮೆ ಸೀನಿದ, ಅಂಗಿಯ ಮೇಲಿನ ಗುಂಡಿ ಕಿತ್ತು ಹಾರಿತು. ಆಗ ಆ ಮನುಷ್ಯ ನಕ್ಕ, ಪೂಜ್ಯರೇ. ಎಡಗೈಯಿಂದ ಬಾಯಿ ಮುಚ್ಚಿಕೊಂಡು, ಕಣ್ಣು ಬಿಗಿದು, ಹೆಗಲು ಎತ್ತಿ, ತಡೆಯಲಾರದೆ ನಕ್ಕ. ನಾನೂ ಸೀನಿದೆ, ಬೆರಳು ಗುಂಡಿಯನ್ನು ಒತ್ತಿಬಿಟ್ಟಿತು.

ವರ್ಷದ ಒಂದೇ ಪಟ ಹಾಳಾಯಿತೆಂದು ಹಿರಿಯರು ನನ್ನನ್ನು ತರಾಟೆಗೆ ತೆಗೆದುಕೊಂಡರು. ನಾನು ಕತ್ತಲೆ ಕೋಣೆಗೆ ಹೋಗಿ ತೊಳೆದು ತಂದು, ಹಸಿ ಇರುವಾಗಲೇ ಅವರ ಮುಂದೆ ಹಿಡಿದೆ. ಬೈಗುಳ ಅಲ್ಲಿಗೇ ನಿಂತಿತು. ಇಡೀ ಊರು ಬಾಯಿಗೆ ಕೈ ಹಿಡಿದು ನಿಂತಿದೆ. ಯಾರು ಸೀನುತ್ತಿದ್ದಾರೆ, ಯಾರು ನಗುತ್ತಿದ್ದಾರೆ, ಯಾರಿಗೆ ಯಾವುದು ಮೊದಲು ಬಂತು, ತೆಗೆದ ನನಗೇ ಹೇಳಲು ಬರುವುದಿಲ್ಲ. ಈರಬಸಪ್ಪ ಅದರಲ್ಲಿ ತನ್ನ ಮುಖವನ್ನು ತುಂಬ ಹೊತ್ತು ನೋಡಿದ, ಆಮೇಲೆ ಆಯಿಯ ತೊಡೆಯ ಮೇಲಿದ್ದ ಫಕೀರವ್ವನನ್ನು ನೋಡಿದ. ಎರಡೂ ಒಂದೇ ಮುಖ. "ಅಮ್ಮಾರ," ಎಂದ, "ಸೀನ ಖರೆ. ಆದರ ನೀವು ಹೇಳೂದೂ ಖರೆ ಇರಬೇಕ್ರೀ." ಆಯಿ, ಇರಬೇಕು ಏನು, ಐತಿ, ಎಂದು ಗೆದ್ದವಳ ಹಾಗೆ ತಲೆಯಾಡಿಸಿದಳು.

ಎಲ್ಲರೂ ನಮ್ಮ ಮನೆಗೆ ಮರಳಿದ ಮೇಲೆ, ಹೊರಡುವ ಮುನ್ನ ಅವನು ಒಂದು ಮಾತು ಕೇಳಿದ. ತಮ್ಮ ಮನೆಯಲ್ಲಿ ಅವಳ ಹೆಸರಿದೆ, ಅಂಗಡಿಯ ಜಾಗ ಗೊತ್ತಿದೆ, ಹೆದರಿಕೆಯಿದೆ, ಆದರೆ ಅವಳ ಬಗ್ಗೆ ಹಾಡಲು ಒಂದು ಸಾಲಿಲ್ಲ ಎಂದ. ಪದವನ್ನೂ ಉಡಿಯಲ್ಲಿ ಹಾಕಿ ಕೊಡಿರೆಂದ. ಆಯಿ ಕೂತಲ್ಲೇ ಕಣ್ಣು ಮುಚ್ಚಿ, ಮೂಗು ಒರೆಸಿಕೊಂಡು, ಹಳೆಯದರ ಕೆಳಗೆ ಹೊಸದೊಂದನ್ನು ಕಟ್ಟಿದಳು.

ಮೆಣಸಿನ ಗುಡ್ಡಕ ಬೆನ್ನ ಕೊಟ್ಟಾಕಿ ಫಕೀರವ್ವ
ಸೀನಿದರ ಊರೆಲ್ಲ ನಗತಾದ, ನೀ ನಕ್ಕರ
ಊರೆಲ್ಲ ಕೂಡಿ ಸೀನತಾದ

ಈರಬಸಪ್ಪ ಅದನ್ನು ದಪ್ಪ ದನಿಯಲ್ಲಿ, ರಾಗ ತಪ್ಪಿಸಿ, ಬಾಯಿಪಾಠವಾಗುವವರೆಗೂ ಹಾಡಿದ. ನಂತರ ಪಟವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೊಸ್ತಿಲು ದಾಟಿದವನು ತಿರುಗಿ, ಪಂಚಮಿಗೆ ಕಳಸ್ತೀನ್ರೀ, ಎಂದ. ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರುವುದು ನಿಮ್ಮ ಕಾಲದಿಂದ ನಮಗೆ ಬಂದದ್ದು, ಅದನ್ನು ನಾವು ಬಿಟ್ಟಿಲ್ಲ. "ಕಳಸೂದೇನು ಬಂತು?" ಎಂದು ಆಯಿ ಕುರ್ಚಿಯಿಂದಲೇ ಜೋರು ಮಾಡಿದಳು. "ತವರವರು ನಾವು. ನಾವ ಕರಿಯಾಕ ಬರ್ತೀವಿ. ಜೋಕಾಲಿ ಕಟ್ಟಿ ಇಡ್ತೀವಿ." ಪಂಚಮಿಗೆ ಇನ್ನೂ ಹತ್ತು ತಿಂಗಳಿದೆ. ಇಷ್ಟು ವರ್ಷ, ನಾ ಇನ್ನೆಷ್ಟು ದಿನ ಇರಾಕಿ, ಎಂದು ಗೊಣಗುತ್ತಿದ್ದ ಆಯಿ ಇವತ್ತು ಮಧ್ಯಾಹ್ನ ಒಂದು ರೊಟ್ಟಿ ಹೆಚ್ಚು ಹಾಕಿಸಿಕೊಂಡು ತಿಂದಳು. ಬ್ಯಾಡಗಿವರೆಗೆ ಹೋಗಿ ಬರಲು ಕಾಲಲ್ಲಿ ಬಲ ಬೇಕಂತೆ.

ನಮ್ಮ ಗೋಡೆಯ ಮೇಲೆ ಈಗ ಬಿಳಿಯ ಒಂದು ಚೌಕ ಇದೆ. ನೋಡಿದರೆ ಅಳು ಬರುತ್ತದೆ, ಅದೇ ಹೊತ್ತಿಗೆ ಬೆಳಗಿನದು ನೆನಪಾಗಿ ನಗುವೂ ಬರುತ್ತದೆ. ಎರವಿನ ದಿನ ಸಂಜೆ ಪಟ ತೆಗೆದವರಿಗೆ ಒಂದು ಪತ್ರ ಬರೆದು ಮಾಳಿಗೆಯ ಮೇಲೆ ಎಡೆಯ ಪಕ್ಕದಲ್ಲಿಡುವುದು ನಮ್ಮ ರೂಢಿ. ಬೆಳಗಾಗುವಷ್ಟರಲ್ಲಿ ಗಾಳಿ ಒಯ್ದಿರುತ್ತದೆ. ಎಲ್ಲಿಗೆ ಒಯ್ಯುತ್ತದೆ ಎಂದು ಯಾರೂ ಕೇಳುವುದಿಲ್ಲ. ನಿಮ್ಮ ಪಟ ಇಷ್ಟು ದೂರ ನಮ್ಮ ಮನೆ ಹುಡುಕಿಕೊಂಡು ಬಂದಿರುವಾಗ ನನ್ನ ಕಾಗದವೂ ಹಿಂದಕ್ಕೆ ಹೋದೀತು.

ಹೋದರೆ ಈ ಕೋರಿಕೆಗಾಗಿ ಹೋಗಲಿ. ಹೆಸರು ಬರೆದಿಡಿ, ಬಣ್ಣದಲ್ಲೇ ತೆಗೆಯಿರಿ, ನಕ್ಕಳೋ ಸೀನಿದಳೋ ತಿಳಿಸಿ ಎಂದು ನಾನು ಕೇಳುವುದಿಲ್ಲ. ಅದೆಲ್ಲವನ್ನೂ ನಾವು ಜಗಳವಾಡಿಯೋ ಹಾಡಿಯೋ ಸರಿಮಾಡಿಕೊಳ್ಳುತ್ತೇವೆ. ಆದರೆ ನೀವು ಇನ್ನೂ ಅಲ್ಲೇ ಇದ್ದೀರಿ, ಆ ಪೇಟೆಯಲ್ಲಿ, ಬಿಸಿಲಿಗೆ ಬೆನ್ನು ಹಾಕಿ. ಅವಳು ನಿಮ್ಮಿಂದ ನಾಲ್ಕು ಮಾರು ದೂರದಲ್ಲಿ, ಜೀವಂತ, ಕಣ್ಣಲ್ಲಿ ನೀರು ತುಂಬಿಕೊಂಡು ನಿಂತಿದ್ದಾಳೆ. ನಾವು ತಲೆತಲಾಂತರದಿಂದ ಎಡೆ ಇಟ್ಟೆವು, ಹೋಳಿಗೆ ಇಟ್ಟೆವು, ಉಡಿ ತುಂಬಿದೆವು. ಅದರಲ್ಲಿ ಒಂದು ಹನಿಯೂ ಅವಳ ಗಂಟಲಿಗೆ ಇಳಿಯಲಿಲ್ಲ. ನಿಮ್ಮ ಕೈಯಲ್ಲಿ ಆಗುತ್ತದೆ. ಪಟ ತೆಗೆದಾಯಿತಲ್ಲ, ಇನ್ನು ಕ್ಯಾಮೆರಾ ಕೆಳಗಿಡಿ. ಪಕ್ಕದ ಅಂಗಡಿಯಲ್ಲಿ ಕೇಳಿ ಒಂದು ತಂಬಿಗೆ ತಣ್ಣೀರು ತಂದು ಅವಳಿಗೆ ಕುಡಿಯಲು ಕೊಡಿ.

ಇಂತಿ,
ತವರಿನ ಕಡೆಯವಳು,
ನೀಲಗಂಗಾ